ಅವ್ವ ಹೇಳದ ಒಡಪು

ನಾನು ಬಿ.ಎ.ಗೆ ಓದಿದ ವಿಷಯಕ್ಕೆ ಇಳಕಲ್ಲಿನ ನಮ್ಮ ಓಣಿಯಲ್ಲಿ ಹೆಸರೇ ಇರಲಿಲ್ಲ. ವಕೀಲಿ ಓದಿದವನು ವಕೀಲನಾಗುತ್ತಾನೆ, ಡಾಕ್ಟರಕಿ ಓದಿದವನು ಡಾಕ್ಟರನಾಗುತ್ತಾನೆ. ಮನುಷ್ಯರ ಬಗ್ಗೆ ಓದಿದವನು ಏನಾಗುತ್ತಾನೆ? ಈ ಪ್ರಶ್ನೆಗೆ ನನ್ನ ಸೋದರಮಾವ ತಾನೇ ಒಂದು ಉತ್ತರ ಕಂಡುಕೊಂಡಿದ್ದ. ಯಾರಾದರೂ ನನ್ನ ಸುದ್ದಿ ಕೇಳಿದರೆ ಮಗ್ಗದ ಕುಣಿಯಲ್ಲಿ ಕುಳಿತಲ್ಲಿಂದಲೇ ಕೂಗಿ ಹೇಳುತ್ತಿದ್ದ: “ಕಲಕತ್ತಾದಾಗ ತಲಿ ಅಳಿಯೂ ಸಾಲಿಗೆ ಹೋಗ್ಯಾನ. ಎತ್ತಿನ ಹಲ್ಲು ನೋಡ್ತಾರ, ಎಮ್ಮಿ ಕೆಚ್ಚಲಾ ನೋಡ್ತಾರ, ಅದಕ್ಕೊಂದು ಅರ್ಥ ಐತಿ. ಮನಶ್ಯಾನ ತಲಿ ಅಳದು ಏನ್ ಮಾಡ್ತಾರೋ ಆ ಶಿವಗ ಗೊತ್ತು!”

ಮಾವ ಪೂರ್ತಿ ಸುಳ್ಳು ಹೇಳುತ್ತಿರಲಿಲ್ಲ. ಆಂಥ್ರಾಪಾಲಜಿ ಎಂಬ ಆ ವಿಷಯದ ತರಗತಿಯಲ್ಲಿ ನಾವು ಹಿತ್ತಾಳೆಯ ಇಕ್ಕಳದಂಥ ಉಪಕರಣ ಹಿಡಿದು ಒಬ್ಬರ ತಲೆಯನ್ನೊಬ್ಬರು ಅಳೆಯುತ್ತಿದ್ದದ್ದು ಖರೆ. ಆ ಕಾಲಕ್ಕೆ ಬಿ.ಎ. ಹುಡುಗರಿಗೆ ಅದನ್ನು ಕಲಿಸುವ ಕಾಲೇಜು ಕಲಕತ್ತೆ ಬಿಟ್ಟರೆ ದೇಶದಲ್ಲಿ ಬೇರೆಲ್ಲೂ ಇಲ್ಲ ಎನ್ನುತ್ತಿದ್ದರು; ಇದ್ದರೂ ನನಗೆ ಗೊತ್ತಿರಲಿಲ್ಲ. ಬಾಗಲಕೋಟೆಯ ಹಾಯಸ್ಕೂಲಿನಲ್ಲಿ ನಮಗೆ ಇತಿಹಾಸ ಹೇಳಿದ ಮಾಸ್ತರರು ಕಲಕತ್ತೆಯಲ್ಲಿ ಓದಿ ಬಂದವರು. ಒಂದು ದಿನ ಪುಸ್ತಕ ಮುಚ್ಚಿಟ್ಟು, “ರಾಜರ ಸುದ್ದಿ ಸಾಕಾತಲೇ. ಮಂದಿ ಹೆಂಗ ಬದುಕ್ತಾರ, ಯಾರ ಕೂಡ ಲಗ್ನ ಆಗ್ತಾರ, ಸತ್ತವರನ್ನ ಹೆಂಗ ಮಣ್ಣ ಮಾಡ್ತಾರ, ಅದನ್ನ ಓದೂ ವಿದ್ಯಾ ಒಂದು ಬಂದೈತಿ” ಅಂದರು. ಅಂದದ್ದೇ ತಡ, ನನಗೆ ಹುಚ್ಚು ಹಿಡಿಯಿತು. ಅವರೇ ತಮ್ಮ ಹಳೆಯ ಗುರುಗಳಿಗೆ ಹೇಳಿ ನನ್ನನ್ನು ಅಲ್ಲಿಗೆ ಸೇರಿಸಿದರು.

ಹೋದ ಮೇಲೆ ತಿಳಿಯಿತು, ಮಂದಿಯನ್ನು ಓದುವುದು ಮಂದಿಯನ್ನು ಬಿಟ್ಟು ಬಂದವನಿಗೆ ಎಂಥ ಕಷ್ಟ ಎಂದು. ಕಲಕತ್ತೆಯಲ್ಲಿ ಎಲ್ಲಿ ನೋಡಿದರೂ ನೀರು, ಎಲ್ಲಿ ಮೂಸಿದರೂ ಮೀನು. ಲಿಂಗ ಕಟ್ಟಿಕೊಂಡ ನಾನು ಅನ್ನ ಮತ್ತು ಆಲೂಗಡ್ಡೆಯ ಮೇಲೆ ದಿನ ತಳ್ಳಿದೆ. ಜೋಳದ ರೊಟ್ಟಿಗಾಗಿ ನಾಲಿಗೆ ಅಳುತ್ತಿತ್ತು ಎಂದರೆ ನಗಬೇಡಿ, ಒಂದು ಸಲ ಖರೇನೇ ಕಣ್ಣಲ್ಲಿ ನೀರು ಬಂದಿತ್ತು. ಅದಕ್ಕಿಂತ ಹೆಚ್ಚು ಕಾಡಿದ್ದು ಮಗ್ಗದ ಸಪ್ಪಳ. ಹುಟ್ಟಿದಾಗಿನಿಂದ ಆ ಸಪ್ಪಳದಲ್ಲೇ ಎದ್ದವನಿಗೆ ಅಲ್ಲಿ ಬೆಳಗಾದದ್ದೇ ತಿಳಿಯುತ್ತಿರಲಿಲ್ಲ.

ನನ್ನನ್ನು ಆ ಊರಿನಲ್ಲಿ ಹಿಡಿದು ನಿಲ್ಲಿಸಿದ್ದು ವಂಶವೃಕ್ಷ ಬರೆಯುವ ಪಾಠ. ದೊಡ್ಡ ಹಾಳೆ ಹಾಸಿ, ಒಬ್ಬರನ್ನು ಎದುರಿಗೆ ಕೂರಿಸಿಕೊಂಡು, ನಿನ್ನ ತಂದೆ ಯಾರು, ತಾಯಿ ಯಾರು, ಅವಳ ತವರು ಯಾವುದು ಎಂದು ಕೇಳುತ್ತ ಹೋಗಬೇಕು. ಗಂಡಸರ ಹೆಸರು ದೊಡ್ಡ ಅಕ್ಷರದಲ್ಲಿ, ಹೆಂಗಸರ ಹೆಸರು ಸಣ್ಣ ಅಕ್ಷರದಲ್ಲಿ. ಇಂಗ್ಲಿಷಿನವರು ಮಾವ, ಕಾಕಾ, ದೊಡ್ಡಪ್ಪ ಎಲ್ಲರನ್ನೂ ‘ಅಂಕಲ್’ ಎಂಬ ಒಂದೇ ಗೋಣಿಚೀಲಕ್ಕೆ ತುಂಬುತ್ತಾರೆ. ನಮ್ಮ ಕಡೆ ತಾಯಿಯ ಅಣ್ಣನೂ ಮಾವ, ಹೆಣ್ಣು ಕೊಟ್ಟವನೂ ಮಾವ, ಯಾಕೆಂದರೆ ತಾಯಿಯ ಅಣ್ಣನೇ ಹೆಣ್ಣು ಕೊಡುವವನು ಎಂದು ನಾನು ಹೇಳಿದಾಗ ನಮ್ಮ ಪ್ರೊಫೆಸರರು ಕುರ್ಚಿಯಿಂದ ಎದ್ದೇಬಿಟ್ಟರು. ಇಳಕಲ್ಲಿನಲ್ಲಿ ಕತ್ತೆ ಕಾಯುವವನಿಗೂ ಗೊತ್ತಿದ್ದ ಮಾತಿಗೆ ಕಲಕತ್ತೆಯಲ್ಲಿ ಅಂಥ ಮರ್ಯಾದೆ ಸಿಕ್ಕಿತು. ನನಗೆ ಒಳಗೊಳಗೇ ಜಂಬ ಬಂದಿತ್ತು.

ಹಾಗೇ ಒಂದು ದಿನ ಪ್ರೊಫೆಸರರು, ಎಷ್ಟೋ ದೇಶಗಳಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ ಎಂಬ ಪಾಠ ಹೇಳುತ್ತಿದ್ದರು. ನಾನು ಸುಮ್ಮನಿರಲಾರದೆ ಕೈ ಎತ್ತಿ, ನಮ್ಮಲ್ಲಿ ಹೇಳದಿರುವುದಕ್ಕೂ ಒಂದು ದಾರಿ ಇದೆ, ಹೇಳುವುದಕ್ಕೂ ಒಂದು ದಾರಿ ಇದೆ ಎಂದು ಒಡಪಿನ ಸಂಗತಿ ಬಿಚ್ಚಿದೆ. ದಿನದ ಮಾತಿನಲ್ಲಿ ಗಂಡ ಎಂದರೆ ‘ಅವರು’, ‘ಮನಿಯವರು’. ಆದರೆ ಮದುವೆಯಲ್ಲೋ, ಬಸುರಿಯ ಕುಬಸದಲ್ಲೋ, ತೊಟ್ಟಿಲಿಗೆ ಹಾಕುವ ದಿನವೋ ಮುತ್ತೈದೆಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳಿ ಒಳಗ ಬಾ ಎಂದು ಕಾಡುತ್ತಾರೆ. ಆಗ ಅವಳು ಪ್ರಾಸ ಕಟ್ಟಿದ ಎರಡು ನಾಲ್ಕು ಸಾಲು ಹೇಳಿ, ನಡುವೆ ಗಂಡನ ಹೆಸರು ಸೇರಿಸಿ, ನಾಚಿ ಒಳಗೆ ಓಡಬೇಕು. ಅದೇ ಒಡಪು. ಪ್ರೊಫೆಸರರಿಗೆ ಭಾಳ ಖುಷಿಯಾಯಿತು. “ಹಾಗಾದರೆ ನಿನ್ನ ತಾಯಿ ಏನು ಹೇಳುತ್ತಾರೆ?” ಎಂದು ಕೇಳಿದರು.

ಇಡೀ ತರಗತಿ ನನ್ನ ಕಡೆ ನೋಡಿತು. ಅವ್ವ ಒಡಪು ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.

ಅಪ್ಪ ಮನೆ ಬಿಟ್ಟು ಹೋದಾಗ ನಾನಿನ್ನೂ ಗೋಡೆ ಹಿಡಿದು ನಡೆಯುತ್ತಿದ್ದೆನಂತೆ. ಮುಂಬೈ ಗಿರಣಿಗೆ ಹೋಗ್ಯಾನ, ಬರ್ತಾನ ಎಂದು ಮಾವ ಹೇಳಿದ್ದ. ಹುನಗುಂದದಲ್ಲಿದ್ದ ಅಪ್ಪನ ಮನೆಯಲ್ಲಿ ಯಾರೂ ಉಳಿಯದ ಮೇಲೆ ಅವ್ವ ನನ್ನನ್ನು ಎತ್ತಿಕೊಂಡು ಇಳಕಲ್ಲಿನ ತವರಿಗೆ ಬಂದಿದ್ದಳು. ಹಣೆಯ ಕುಂಕುಮ, ಕೈಯ ಹಸಿರು ಬಳೆ, ಕೊರಳ ತಾಳಿ ಎಲ್ಲವೂ ಇದ್ದವು. ಆದರೆ ಓಣಿಯಲ್ಲಿ ಯಾರ ಮನೆಯ ಕಾರ್ಯವಿದ್ದರೂ ಒಡಪು ಹೇಳುವ ಹೊತ್ತಿಗೆ ಸರಿಯಾಗಿ ಅವ್ವ ಅಡುಗೆಮನೆ ಸೇರುತ್ತಿದ್ದಳು. ಹೋಳಿಗೆಯ ಹೂರಣ ತಳ ಹಿಡಿಯುವುದು ಆಗಲೇ, ಒಲೆಗೆ ಕಟ್ಟಿಗೆ ಬೇಕಾಗುವುದು ಆಗಲೇ. ಹೆಂಗಸರೂ ಅವಳನ್ನು ಕರೆಯುತ್ತಿರಲಿಲ್ಲ.

ನಾನು ಸಣ್ಣವನಿದ್ದಾಗ ಕದದ ಸಂದಿಯಲ್ಲಿ ನಿಂತು ಕಾಯುತ್ತಿದ್ದೆ. ಎಲ್ಲರ ಅವ್ವಂದಿರೂ ಹೇಳಿದರು, ಇನ್ನು ನಮ್ಮವ್ವನ ಪಾಳಿ, ಇನ್ನು ನಮ್ಮವ್ವನ ಪಾಳಿ ಎಂದು. ಅಪ್ಪನ ಹೆಸರು ನನಗೆ ಗೊತ್ತಿರಲಿಲ್ಲವೆಂದಲ್ಲ. ಆಗ ನಮ್ಮ ಸೀಮೆ ಸೇರಿದ್ದ ಮುಂಬೈ ಪ್ರಾಂತ್ಯದ ರೂಢಿಯಂತೆ ಸಾಲೆಯ ಹಾಜರಿಯಲ್ಲಿ ನನ್ನ ಹೆಸರಿನ ಬೆನ್ನಿಗೇ ಅಪ್ಪನ ಹೆಸರು ಇತ್ತು. ಮಾಸ್ತರರು ದಿನಾ ಕೂಗುತ್ತಿದ್ದರು. ಆದರೆ ಅದು ಮಾಸ್ತರರ ದನಿ. ಅವ್ವನ ಬಾಯಲ್ಲಿ ಆ ಹೆಸರು ಹೇಗೆ ಕೇಳಿಸುತ್ತದೆ ಎಂದು ತಿಳಿಯುವ ಆಸೆ ನನಗೆ ಹಸಿವಿನಂತೆ ಅಂಟಿಕೊಂಡಿತ್ತು. ಅವಳು ಒಂದು ಸಲ ಹೇಳಿದರೆ ಅಪ್ಪ ಎಲ್ಲೋ ಇದ್ದಾನೆ ಎಂದು ನಂಬಬಹುದು ಅನಿಸುತ್ತಿತ್ತು. ಹೇಳದೇ ಇರುವುದು ನೋಡಿ, ಅವನು ಸತ್ತಿರಬಹುದೆಂಬ ಅಂಜಿಕೆ ಅವಳಿಗಿದೆ ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ.

ಆ ವರ್ಷದ ಬೇಸಿಗೆ ಸೂಟಿಗೆ ಪ್ರೊಫೆಸರರು ನಮಗೆಲ್ಲ ಒಂದು ಕೆಲಸ ಕೊಟ್ಟರು. ನಿಮ್ಮ ನಿಮ್ಮ ಸೀಮೆಯಲ್ಲಿ ಒಂದು ಓಣಿ ಹಿಡಿದು, ಮನೆಮನೆಯ ವಂಶವೃಕ್ಷ ಬರೆದುಕೊಂಡು ಬನ್ನಿ. ಆದರೆ ಸ್ವಂತ ಓಣಿ ಬೇಡ. ಅಲ್ಲಿ ನಿಮಗೆ ಎಲ್ಲ ಗೊತ್ತು ಎಂಬ ಭ್ರಮೆ ಇರುತ್ತದೆ, ಕೇಳಬೇಕಾದದ್ದನ್ನು ಕೇಳುವುದಿಲ್ಲ ಅಂದರು. ನಾನು ಊರಿಗೆ ಬಂದವನೇ ಮೊದಲು ಅವ್ವನನ್ನೇ ಹಿಡಿದೆ. ಅವಳು ರಾಟಿಯ ಮುಂದೆ ಕುಳಿತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

“ಅವ್ವಾ, ನಿನ್ನ ಒಡಪಾ ಯಾವುದು? ನಮ್ಮ ಪ್ರೊಫೆಸರ ಕೇಳ್ಯಾರ.”

“ನಿಮ್ಮ ಪ್ರೊಫೆಸರಗ ಮಾಡಾಕ ಬ್ಯಾರೆ ಕೆಲಸ ಇಲ್ಲೇನು? ಹೋಗು, ಊರ ಮಂದೀನ್ನ ಕೇಳು.”

“ನಾ ಕೇಳಾಕತ್ತೇನಿ, ನಿನ್ನ ಮಗ.”

“ಮಗಗ ಒಡಪಾ ಹೇಳೂ ಪದ್ಧತಿ ಯಾವ ಸೀಮ್ಯಾಗ ಐತೋ ಮಾರಾಯ? ರೊಟ್ಟಿ ಆರತಾವ, ಉಣ್ಣು.”

ಮಾತು ಅಲ್ಲಿಗೇ ಮುಗಿಯಿತು. ನಾನು ಬಾದಾಮಿಗೆ ಹೋಗಿ ಅಲ್ಲಿಯ ನೇಕಾರರ ಓಣಿಯಲ್ಲಿ ಕೆಲಸ ಮಾಡುತ್ತೇನೆ ಎಂದಾಗ ಮಾವ ಲಾಳಿ ನಿಲ್ಲಿಸಿದ. “ಬಾದಾಮಿ ಯಾಕ? ಗಜೇಂದ್ರಗಡಕ್ಕ ಹೋಗು, ಅಲ್ಲೇನ್ ನೇಕಾರ ಮಂದಿ ಇಲ್ಲ?” ಅಂದ. ಬಾದಾಮಿಗೆ ರೈಲಿದೆ, ಗುಹೆಗಳೂ ಇವೆ ಎಂದು ನಾನು ವಾದಿಸಿದೆ. ಮಾವ ಅವ್ವನ ಮುಖ ನೋಡಿದ. “ಹೋಗಲಿ ಬಿಡೋ, ಅಣ್ಣಾ” ಎಂದಳು ಅವ್ವ. ಎಳ್ಳು ಹಚ್ಚಿದ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು. ಯಾವಾಗಲೂ ಕಟ್ಟುವುದಕ್ಕಿಂತ ದೊಡ್ಡ ಗಂಟು.

ಬಾದಾಮಿಯಲ್ಲಿ ಕೆರೆಯ ಹಿಂದಿನ ಓಣಿಯೊಂದರಲ್ಲಿ ನನಗೆ ಜಾಗ ಸಿಕ್ಕಿತು. ಅಲ್ಲಿ ಕುಪ್ಪಸದ ಖಣ ನೇಯುವವರು ಬಹಳ. ನಮ್ಮ ಕಡೆ, ಒಡಲಿಗೆ ಸೆರಗನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುವ ಇಳಕಲ್ಲ ಸೀರೆ ಉಟ್ಟವಳು ಗುಳೇದಗುಡ್ಡದ ಖಣದ ಕುಪ್ಪಸ ತೊಡದಿದ್ದರೆ ಉಡುಗೆಯೇ ಪೂರ್ತಿಯಾಗುವುದಿಲ್ಲ; ಆ ಗುಳೇದಗುಡ್ಡದಿಂದ ಬಂದು ನೆಲೆಸಿದ ಮನೆಗಳೇ ಆ ಓಣಿಯಲ್ಲಿ ಹೆಚ್ಚು. ನಮ್ಮ ಸೀಮೆಯಲ್ಲಿ ಹೊಸಬನಿಗೆ ನೀರು ಕೊಡುವ ಮೊದಲೇ, ಯಾವೂರು, ಯಾರ ಪೈಕಿ ಎಂದು ಕೇಳುತ್ತಾರೆ. ನಾನು ಬಾಗಲಕೋಟೆಯ ಸಾಲೆಯಲ್ಲಿ ಕಲಿತವನು, ಈಗ ಕಾಲೇಜಿನ ಕೆಲಸಕ್ಕೆ ಬಂದಿದ್ದೇನೆ ಎಂದಷ್ಟೇ ಹೇಳಿದೆ. ಅವರು ನನ್ನನ್ನು ಬಾಗಲಕೋಟೆಯವನೆಂದೇ ಮಾಡಿಕೊಂಡರು. ಎರಡು ದಿನ ತಲೆ ಅಳೆಸಿಕೊಂಡು ನಕ್ಕವರು ಮೂರನೆಯ ದಿನ ತಾವಾಗಿ ಕರೆದು ಚಹಾ ಕೊಟ್ಟರು.

ಓಣಿಯ ತುದಿಯ ಮನೆಯಲ್ಲಿ ಗಂಡಸು ಇರಲಿಲ್ಲ. ನೂಲು ತರಲು ಬಾಗಲಕೋಟೆಯ ಪೇಟೆಗೆ ಹೋಗಿದ್ದಾರೆ, ಸಂಜೆಯ ಗಾಡಿಗೆ ಬರ್ತಾರೆ ಎಂದರು. ಮನೆಯಾಕೆ ಅವ್ವನಿಗಿಂತ ಬಹಳ ಸಣ್ಣವಳು, ನಗುಮುಖದ ಹೆಣ್ಣುಮಗಳು. ನೆರೆಯ ಇಬ್ಬರು ಮುದುಕಿಯರು ಬಂದು ಜೊತೆಗೆ ಕುಳಿತರು. ಅವಳ ಹಿರಿಯ ಮಗಳು ನನ್ನ ಹಿತ್ತಾಳೆಯ ಇಕ್ಕಳವನ್ನು ತನ್ನ ಕಟ್ಟಿಗೆಯ ಗೊಂಬೆಯ ತಲೆಗೆ ಹಾಕಿ ಅಳೆಯುತ್ತಿದ್ದಳು.

ಅವಳ ತವರಿನ ಕಡೆಯದೆಲ್ಲ ಬರೆದಾಯಿತು. ಗಂಡನ ಕಡೆಗೆ ಬಂದೆವು. ಹೆಸರು ಕೇಳಿದರೆ ಸೆರಗು ಬಾಯಿಗೆ ಹೋಯಿತು. ಇರಲಿ, ಆಮೇಲೆ ಯಾರಾದರೂ ಹೇಳುತ್ತಾರೆ ಎಂದು ಜಾಗ ಖಾಲಿ ಬಿಟ್ಟು ಮುಂದೆ ಹೋದೆ. ಹೆಸರೊಂದು ಬಿಟ್ಟು ಉಳಿದದ್ದನ್ನೆಲ್ಲ ಅವಳು ಸರಸರ ಹೇಳಿದಳು.

“ಇವರ ಮೂಲ ಊರು ಹುನಗುಂದರಿ. ಇವರ ಅವ್ವನ ತವರು ಅಮೀನಗಡ. ಇವರಿಗೆ ಒಬ್ಬ ಅಣ್ಣ ಇದ್ದನಂತ, ಸಣ್ಣವನಿದ್ದಾಗ ಬಾವ್ಯಾಗ ಬಿದ್ದು ಹೋದ.”

ನಾನು ಬರೆದೆ. ಅಮೀನಗಡದ ಅಜ್ಜಿ. ಬಾವಿಗೆ ಬಿದ್ದ ದೊಡ್ಡಪ್ಪ. ಬರೆಯುವಾಗ ಏನೂ ಹೊಳೆಯಲಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಆದರೆ ಹೊಳೆಯಲಿಲ್ಲ. ಮನೆಮನೆಯಲ್ಲಿ ಬಾವಿಗೆ ಬಿದ್ದ ಒಬ್ಬ ಅಣ್ಣ ಇದ್ದೇ ಇರುತ್ತಾನೆ. ರೂಢಿಯ ಮುಂದಿನ ಪ್ರಶ್ನೆ ಕೇಳಿದೆ: ನಿಮ್ಮ ಮನೆಯವರಿಗೆ ಬೇರೆ ಹೆಂಡತಿ ಇದ್ದರೋ?

“ಹಿರಿಯಾಕಿ ಅದಾರರಿ” ಎಂದಳು ಮುಚ್ಚುಮರೆಯಿಲ್ಲದೆ. “ಇಳಕಲ್ಲದಾಗ, ತವರಾಗ. ಅವರಿಗೊಬ್ಬ ಗಂಡು ಮಗ. ಭಾಳ ಶ್ಯಾಣ್ಯಾ ಅಂತ. ಎಲ್ಲೋ ಕಾಶಿ ಕಡೆ ದೊಡ್ಡ ಸಾಲಿಗೆ ಹೋಗ್ಯಾನಂತ. ಇವರು ಮುಖಾ ನೋಡಿಲ್ಲ, ಆದ್ರ ಪ್ಯಾಟ್ಯಾಗ ನಿಂತು ಮಂದಿ ಮುಂದ ಹೇಳಕೋತಾರ, ನನ್ನ ಮಗ, ನನ್ನ ಮಗ ಅಂತ.”

ಪೆನ್ಸಿಲು ಹಾಳೆಯ ಮೇಲೆ ಹಾಗೇ ನಿಂತಿತು. ಆ ಹಾಳೆಯಲ್ಲಿ ಅವಳು ತೋರಿಸಿದ ಗೆರೆಯ ತುದಿಗೆ ನಾನೇ ನಿಂತಿದ್ದೆ. ಇಲ್ಲ, ಇರಲಿಕ್ಕಿಲ್ಲ, ಹುನಗುಂದದವರು ಎಷ್ಟೋ ಜನ ಎಂದು ಮನಸ್ಸು ಇನ್ನೂ ಒದ್ದಾಡುತ್ತಿತ್ತು. ಆಗ ಮುದುಕಿಯೊಬ್ಬಳು ನನ್ನ ಖಾಲಿ ಜಾಗ ನೋಡಿ ಬೇರೆಯೇ ತಿಳಿದುಕೊಂಡಳು. “ಅಯ್ಯ, ಪಾಪ, ಹುಡುಗ ಹೆಸರಿಗೆ ಕಾದು ಕುಂತಾನ. ಒಡಪಾ ಹಾಕಿ ಹೇಳಾರ ಹೇಳವಾ, ಏನ್ ಬಂಗಾರ ಸವೀತೈತಿ?” ಎಂದು ಅವಳ ಬೆನ್ನು ಚಿವುಟಿದಳು. ಅವಳು ಬ್ಯಾಡ ಬ್ಯಾಡ ಎಂದಳು, ನಕ್ಕಳು, ತಲೆಯ ಮೇಲೆ ಸೆರಗು ಎಳೆದುಕೊಂಡಳು, ಹೇಳಿದಳು. ಹೆಸರಿನ ಜಾಗವನ್ನು ಇಲ್ಲಿ ನಾನು ಖಾಲಿ ಬಿಡುತ್ತೇನೆ:

“ಕರಿಯ ಒಡಲಿಗೆ ಕೆಂಪ ಸೆರಗು
ಎಳಿ ಎಳಿ ಕೂಡಿಸಿದಂಗ,
ನನ್ನ ಕೈ ಹಿಡದಾರ —— ನವರು
ಮಂದಿ ನೋಡಿ ಮೆಚ್ಚೂವಂಗ.”

ಸಾಲೆಯ ಹಾಜರಿಯಲ್ಲಿ ದಿನಾ ಕೇಳಿದ ಹೆಸರು. ಅದನ್ನು ಅವಳು ಬಹಳ ಮೆತ್ತಗೆ, ಬಹಳ ಪ್ರೀತಿಯಿಂದ ಹೇಳಿದಳು. ಆ ಹೆಸರು ಹಾಗೇ ಕೇಳಿಸಬೇಕೆಂದು ನಾನು ಹುಡುಗನಾಗಿ ಕದದ ಸಂದಿಯಲ್ಲಿ ಕಾದಿದ್ದೆ. ಹಾಗೇ ಕೇಳಿಸಿತು, ಬೇರೆಯವಳ ಬಾಯಲ್ಲಿ. ಮುದುಕಿಯರು ಚಪ್ಪಾಳೆ ತಟ್ಟಿ ನಕ್ಕರು. ಖಾಲಿ ಜಾಗದಲ್ಲಿ ದೊಡ್ಡ ಅಕ್ಷರದಲ್ಲಿ ಹೆಸರು ಬರೆದೆ. ಅಕ್ಷರ ಸೊಟ್ಟಗಾಯಿತು.

ಹಾಳೆ ಸುತ್ತಿ ಏಳುವಾಗ ಅವಳು ನನ್ನನ್ನೇ ನೋಡುತ್ತಿದ್ದಳು. ನಗು ಕಡಿಮೆಯಾಗಿತ್ತು. ಸುತ್ತಿದ ಹಾಳೆಯನ್ನೊಮ್ಮೆ, ಮಗಳ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು.

“ನಿಮ್ಮ ಅವ್ವಾರು ಅದಾರೇನ್ರಿ?”

“ಅದಾರರಿ.”

“ನಾ ಶರಣು ಹೇಳೀನಿ ಅಂತ ಹೇಳ್ರಿ ಅವರಿಗೆ.”

ಬಾದಾಮಿ ಸ್ಟೇಶನ್ನು ಊರಿನಿಂದ ದೂರ. ಟಾಂಗಾದವನು ಬನಶಂಕರಿಯ ನಿಂಬೆ, ಬಾಳೆ, ಈ ವರ್ಷದ ಬಿಸಿಲು ಎಂದು ಏನೇನೋ ಹೇಳುತ್ತಿದ್ದ. ಸಂಜೆಯ ಗಾಡಿ ಬಾಗಲಕೋಟೆಯ ಕಡೆಯಿಂದ ಬರುತ್ತದೆ, ಅದರಲ್ಲಿ ಅಪ್ಪ ಇಳಿಯುತ್ತಾನೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ನೋಡಬೇಕು, ಕಾಲಿಗೆ ಬೀಳಬೇಕು, ಕೊರಳಪಟ್ಟಿ ಹಿಡಿದು ಕೇಳಬೇಕು ಎಂದು ಮೂರೂ ಒಟ್ಟಿಗೇ ಅನಿಸುತ್ತಿತ್ತು. ಗಾಡಿ ಬಂತು. ಮಂದಿ ಇಳಿದರು. ರುಮಾಲು ಸುತ್ತಿದವರು, ಟೊಪ್ಪಿಗೆಯವರು, ಗಂಟು ಹೊತ್ತವರು. ಮೂಗಿನ ಅಗಲ ನೋಡಿ ಕುಲ ಹೇಳಲು ಕಲಿಯುತ್ತಿದ್ದ ನನಗೆ ಹೆತ್ತ ತಂದೆಯ ಮುಖ ಗೊತ್ತಿರಲಿಲ್ಲ. ಒಬ್ಬೊಬ್ಬರನ್ನೂ ನೋಡುತ್ತ ಇವನೇ ಇರಬೇಕು ಅಂದುಕೊಂಡೆ, ಅವನೇ ಇರಬೇಕು ಅಂದುಕೊಂಡೆ.

ನೂಲಿನ ಗಂಟು ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ ಒಬ್ಬರು ನನ್ನನ್ನು ಕರೆದು, “ತಮ್ಮಾ, ಇದನ್ನಷ್ಟು ಹೆಗಲಿಗೆ ಏರಸ್ತೀಯೇನು?” ಎಂದರು. ಏರಿಸಿದೆ. “ಶಿವಾ, ಚೊಲೋ ಆಗಲಿ ನಿನಗ” ಎಂದು ಹೇಳಿ ಊರ ದಾರಿ ಹಿಡಿದು ಹೋದರು. ಹೆಸರು ಕೇಳಬಹುದಿತ್ತು. ಕೇಳಲಿಲ್ಲ. ಬಾಗಲಕೋಟೆಯಿಂದ ನೂಲು ತರುವವರು ಬಾದಾಮಿಯಲ್ಲಿ ಅವರೊಬ್ಬರೇ ಅಲ್ಲ, ಅದೂ ಖರೆ. ಆದರೆ ಆ ಗಂಟಿನ ಭಾರ ನನ್ನ ಕೈಗೆ ಬಹಳ ವರ್ಷ ನೆನಪಿತ್ತು.

ರಾತ್ರಿ ಗಾಡಿಗೆ ಬಾಗಲಕೋಟೆಗೆ ಬಂದು, ಮರುದಿನ ಅಲ್ಲಿಂದ ಸರ್ವಿಸ್ ಮೋಟಾರಿನಲ್ಲಿ ಇಳಕಲ್ಲಿಗೆ ಹೊರಟೆ. ಹುನಗುಂದದಲ್ಲಿ ಮೋಟಾರು ನಿಂತಾಗ ಇಳಿಯಲಿಲ್ಲ. ಅಪ್ಪನ ಹಳೆಯ ಮನೆಯಲ್ಲಿ ಈಗ ಯಾರೋ ಕೋರ್ಟಿನ ಕಾರಕೂನರು ಇರುತ್ತಾರೆಂದು ಕೇಳಿದ್ದೆ. ದಾರಿಯುದ್ದಕ್ಕೂ ಮಾವನ ಮೇಲೆ, ಓಣಿಯ ಮೇಲೆ, ಹೆಚ್ಚಾಗಿ ಅವ್ವನ ಮೇಲೆ ಸಿಟ್ಟು ಕುದಿಯಿತು. ಊರಿಗೆಲ್ಲ ಗೊತ್ತಿದ್ದದ್ದು ಮನೆಯ ಮಗನಿಗೆ ಗೊತ್ತಿಲ್ಲ. ಕಲಕತ್ತೆಯ ತನಕ ಹೋಗಿ ಮನುಷ್ಯರನ್ನು ಓದಿದೆನಂತೆ, ಮಣ್ಣು!

ಮನೆಗೆ ಬಂದಾಗ ಅವ್ವ ಕಂಡಿಕೆ ಸುತ್ತುತ್ತಿದ್ದಳು. ಮಾವ ಒಳಗಿನ ಮಗ್ಗದಲ್ಲಿದ್ದ. ನಾನು ಕೈಕಾಲು ಸಹ ತೊಳೆಯದೆ ಅವಳ ಮುಂದೆ ಕುಳಿತೆ.

“ಅವ್ವಾ, ಬಾದಾಮ್ಯಾಗ ಒಬ್ಬಾಕಿ ನಿನಗ ಶರಣು ಹೇಳ್ಯಾಳ.”

ರಾಟಿ ನಿಲ್ಲಲಿಲ್ಲ. “ಚೊಲೋ ಅದಾಳೇನು?”

“ಅದಾಳ.”

“ಹುಡಿಗ್ಯಾರು ಹೆಂಗದಾರ?”

ಅಷ್ಟೂ ಗೊತ್ತಿತ್ತು ಅವಳಿಗೆ. ನನಗೆ ತಡೆಯಲಾಗಲಿಲ್ಲ. “ನನಗ ಯಾಕ ಹೇಳಲಿಲ್ಲ? ಮುಂಬೈ, ಮುಂಬೈ ಅಂತ ಇಷ್ಟು ವರ್ಷ ಯಾಕ ಸುಳ್ಳು ಹೇಳಿದ್ರಿ?”

“ಏನಂತ ಹೇಳೂದಿತ್ತು? ಮುಂಬೈ ಅಂದ್ರ ನೀ ಕಾಯತಿದ್ದಿ. ಬಾದಾಮಿ ಅಂದ್ರ ಹೋಗತಿದ್ದಿ ಅಲ್ಲ? ಹೋದ್ರ ತಿರುಗಿ ಬರ್ತೀಯೋ ಇಲ್ಲೋ ಅನ್ನೂ ಅಂಜಿಕಿ ನನಗ.”

“ಮತ್ತ ಒಡಪಾ? ಅಪ್ಪ ಜೀವಂತ ಅದಾನ. ನೀ ಮುತ್ತೈದಿ. ಎಲ್ಲಾರಂಗ ನೀನೂ ಬಾಗಿಲದಾಗ ನಿಂತು ಹೇಳಬೇಕಿತ್ತು. ನಾ ಎಷ್ಟು ಕಾದೀನಿ ಗೊತ್ತೈತೇನು ನಿನಗ?”

ಅವ್ವ ನೂಲಿನ ಎಳೆ ನೋಡುತ್ತಲೇ ಹೇಳಿದಳು: “ಒಂದ ಹೆಸರು ಎರಡು ಹೊಸ್ತಲದಾಗ ಹೇಳಬಾರದು, ತಮ್ಮಾ. ಕೇಳಿದವರು ನಗತಾರ. ಆಕಿ ಸಣ್ಣಾಕಿ, ಆವಾಗ ಹೊಸದಾಗಿ ಬಂದಾಕಿ, ಆಕಿಗೆ ಹೇಳೂ ಆಸೆ ಇರತೈತಿ. ಹೇಳಕೋಲಿ ಅಂತ ಬಿಟ್ಟೆ. ನನಗೇನು, ಒಳಗ ಐತಲ್ಲ.”

ಒಂದು ಕಂಡಿಕೆ ತುಂಬಿತು. ಅದನ್ನು ಬುಟ್ಟಿಗೆ ಹಾಕಿ ಇನ್ನೊಂದು ಏರಿಸಿದಳು. ಆಮೇಲೆ, ನನ್ನ ಮುಖ ನೋಡದೆ, “ನಿನ್ನ ಮುಂದ ಹೇಳಿದಳೇನು?” ಎಂದು ಕೇಳಿದಳು.

“ಹೇಳಿದ್ಳು.”

“ಏನಂತ?”

ನಾನು ಹೇಳಿದೆ. ಕರಿಯ ಒಡಲು, ಕೆಂಪು ಸೆರಗು. ಹೇಳುತ್ತಿದ್ದಂತೆ ರಾಟಿ ನಿಂತಿತು. ಅಪ್ಪನ ಹೆಸರು ಬರುವಲ್ಲಿ ನಾನು ತಡೆದು, ಅದನ್ನು ಬಿಟ್ಟು, ಕೊನೆಯ ಸಾಲು ಹೇಳಿ ಮುಗಿಸಿದೆ.

“ಕಡೀ ಸಾಲು ಏನಂದಿ?”

“ಮಂದಿ ನೋಡಿ ಮೆಚ್ಚೂವಂಗ.”

“ತಪ್ಪು” ಎಂದಳು ಅವ್ವ. ಎಷ್ಟು ಖಡಾಖಂಡಿತವಾಗಿ ಎಂದರೆ ಒಳಗೆ ಮಾವನ ಮಗ್ಗವೂ ಸುಮ್ಮನಾಯಿತು. “ಅದು ನಂದು. ನಾ ಕಟ್ಟಿದ್ದು, ನನ್ನ ಲಗ್ನದಾಗ. ಇಳಕಲ್ಲ ಸೀರಿ ನೇದಾಕಿ ಬಿಟ್ರ ಒಡಲಿಗೆ ಸೆರಗ ಕೂಡಸೂ ಮಾತು ಖಣದ ಮಂದಿಗೆ ಎಲ್ಲಿಂದ ಬರಬೇಕು? ಹುನಗುಂದದಾಗ ಹೊಸ್ತಲ ದಾಟೂವಾಗ ನಿಮ್ಮ ಅಪ್ಪ ಮೂರು ಸರತಿ ಹೇಳಿಸಿದ್ರು, ಕೇಳಿಸಲಿಲ್ಲ, ಮತ್ತ ಹೇಳು, ಮತ್ತ ಹೇಳು ಅಂತ. ಆದ್ರ ಕಡೀ ಸಾಲು ಹಂಗಿಲ್ಲ.”

“ಆಕಿ ಮರತಿರಬೇಕು.”

ಅವ್ವ ಕೈಯಲ್ಲಿದ್ದ ಎಳೆಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅವಳ ಮುಖದಲ್ಲಿ ಸಿಟ್ಟು ಇಳಿದು ನಾನು ಎಂದೂ ನೋಡದ ಏನೋ ಒಂದು ಏರಿತು. ಆ ಹೆಸರು ಹೇಳುವ ಅವಳ ಅಷ್ಟು ವರ್ಷದ ಆಸೆ, ಕೇಳುವ ನನ್ನ ಆಸೆಗಿಂತ ಎಷ್ಟು ದೊಡ್ಡದಿತ್ತೆಂದು ಆಗ ತಿಳಿಯಿತು.

“ಆಕಿ ಮರತಿಲ್ಲ” ಎಂದಳು. “ಅವರು ಕಲಿಸಿದ್ದನ್ನ ಆಕಿ ಹೇಳ್ಯಾಳ. ಅವರಿಗೆ ಪೂರಾ ಬಾಯಿಪಾಠ ಇತ್ತು, ಅವರೂ ಮರಿಯೂ ಪೈಕಿ ಅಲ್ಲ. ಅದೊಂದು ಸಾಲು ಆಕಿಗೆ ಕೊಟ್ಟಿಲ್ಲ.”

ಹಾಗೆಂದವಳೇ ಅವ್ವ ರಾಟಿ ಪಕ್ಕಕ್ಕೆ ಸರಿಸಿದಳು. ಬೆನ್ನು ನೆಟ್ಟಗೆ ಮಾಡಿ ಕುಳಿತಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಬಾಗಿಲಲ್ಲಿ ಯಾರೂ ಅಡ್ಡ ನಿಂತಿರಲಿಲ್ಲ, ಮನೆಯಲ್ಲಿ ಯಾವ ಕಾರ್ಯವೂ ಇರಲಿಲ್ಲ.

“ಕರಿಯ ಒಡಲಿಗೆ ಕೆಂಪ ಸೆರಗು
ಎಳಿ ಎಳಿ ಕೂಡಿಸಿದಂಗ,
ನನ್ನ ಕೈ ಹಿಡದಾರ —— ನವರು
ಯಾರೂ ಬಿಚ್ಚಲಾರದಂಗ.”

ಅಪ್ಪನ ಹೆಸರು ಅವ್ವನ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಹೇಳಿ ಮುಗಿಸಿ, ಹೊಸ ಮದುವಣಗಿತ್ತಿಯಂತೆ ಕೆಂಪಾಗಿ, ಅವ್ವ ಎದ್ದು ಒಳಗೆ ಹೋದಳು.